ಪದ ಪರಿಚಯ: ಮೃದ್ವಸ್ಥಿ

ಅಮ್ಮನ ಮಂಡಿಯ ಎಕ್ಸ್‌ರೇ ತೆಗೆಸಿದ್ದೆವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ತೊಡೆಯ ಮೂಳೆಗೂ ಅದರ ಕೆಳಗಿನ ಮೂಳೆಗೂ ನಡುವೆ ಇದ್ದ ಕಪ್ಪು ಸಂದನ್ನು ಪೆನ್ನಿನ ತುದಿಯಿಂದ ತೋರಿಸಿದರು. "ಒಳಗಡೆ ಗ್ಯಾಪ್ ಕಮ್ಮಿ ಆಗಿದೆ ನೋಡಿ ಅಮ್ಮಾ" ಅಂದರು. "ಕಮ್ಮಿ ಆದ್ರೆ ಒಳ್ಳೇದೇ ಅಲ್ವಾ?" ಅಂತ ಅಮ್ಮ ಕೇಳಿದಳು. ಎಷ್ಟು ಸರಿಯಾದ ಪ್ರಶ್ನೆ! ಫಿಲ್ಮಿನಲ್ಲಿ ಖಾಲಿ ಕಾಣುವ ಆ ಜಾಗ ನಿಜಕ್ಕೂ ಖಾಲಿ ಅಲ್ಲ. ಮೂಳೆಯ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿ ಇರುವುದು ಅಲ್ಲೇ. ಮೂಳೆಯಷ್ಟು ಸುಣ್ಣದ ಅಂಶ ಇಲ್ಲದ್ದರಿಂದ ಅದು ಎಕ್ಸ್‌ರೇಗೆ ಕಾಣುವುದಿಲ್ಲ. ಗ್ಯಾಪ್ ಕಮ್ಮಿ ಆಗಿದೆ ಅಂದರೆ ಆ ಹೊದಿಕೆ ಸವೆದಿದೆ ಅಂತ ಅರ್ಥ.

ಮೃದು, ಅಸ್ಥಿ ಎರಡೂ ಸೇರಿ ಮೃದ್ವಸ್ಥಿ, ಅಂದರೆ ಮೆತ್ತನೆ ಮೂಳೆ. ಆಸ್ಪತ್ರೆಯಲ್ಲಿ ಕಾರ್ಟಿಲೇಜ್ ಅಂತಲೇ ಅನ್ನುತ್ತಾರೆ. ಕನ್ನಡದ ಹೆಸರು ಚೆನ್ನಾಗಿದೆ, ಆದರೆ ಇದು ಮೂಳೆಯ ಒಂದು ಬಗೆಯಲ್ಲ, ಬೇರೆಯೇ ಅಂಗಾಂಶ. ಮಟನ್ ಸಾರಿನಲ್ಲಿ ಎದೆಗೂಡಿನ ಮೂಳೆಯ ತುದಿಗೆ ಬೆಳ್ಳಗೆ ಅಂಟಿಕೊಂಡು, ಕರುಂ ಅಂತ ಅಗಿಯಲು ಸಿಗುತ್ತದಲ್ಲ, ಅದೇ ಇದು. ನಮ್ಮ ಮೂಗಿನ ತುದಿ, ಉಸಿರಿನ ಕೊಳವೆಯನ್ನು ತೆರೆದಿಡುವ ಬಳೆಗಳು, ಬೆನ್ನುಮೂಳೆಯ ನಡುವಿನ ಡಿಸ್ಕ್, ಎಲ್ಲದರಲ್ಲೂ ಇದೆ. ಕಿವಿಯನ್ನು ಮಡಚಿ ಬಿಟ್ಟರೆ ಮತ್ತೆ ನೆಟ್ಟಗೆ ನಿಲ್ಲುವುದು ಅದರೊಳಗಿನ ಮೃದ್ವಸ್ಥಿಯಲ್ಲಿ ಎಳೆದರೆ ಹಿಗ್ಗುವ ನಾರುಗಳು ಜಾಸ್ತಿ ಇರುವುದರಿಂದ. ಡಿಸ್ಕಿನಲ್ಲಿ ಗಟ್ಟಿ ನಾರುಗಳು ಜಾಸ್ತಿ. ಕೀಲಿನಲ್ಲಿರುವುದು ಗಾಜಿನಂತೆ ನುಣ್ಣಗೆ, ಮಂಡಿಯಲ್ಲಿ ಬರೀ 2ರಿಂದ 4 ಮಿಲಿಮೀಟರ್ ದಪ್ಪ. ನಡೆಯುವಾಗ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುವುದು ಇಷ್ಟು ತೆಳುವಾದ ಪದರದ ಮೇಲೆ.

ಅದು ತಾಳಿಕೊಳ್ಳುವುದು ನೀರಿನಿಂದ. ಕೀಲಿನ ಮೃದ್ವಸ್ಥಿಯ ತೂಕದಲ್ಲಿ ಶೇ 65ರಿಂದ 80ರಷ್ಟು ನೀರೇ. ಕೊಲಾಜನ್ ಎಂಬ ನಾರಿನ ಬಲೆ, ಆ ಬಲೆಯೊಳಗೆ ನೀರನ್ನು ಬಿಗಿಯಾಗಿ ಹಿಡಿದಿಡುವ ದೊಡ್ಡ ಅಣುಗಳು, ಅಲ್ಲಲ್ಲಿ ಪುಟ್ಟ ಗುಳಿಗಳಲ್ಲಿ ಕೂತ ಕೆಲವೇ ಜೀವಕೋಶಗಳು. ಅಷ್ಟೇ ಅದರ ರಚನೆ.

ನನಗೆ ತುಂಬ ಬೆರಗು ಹುಟ್ಟಿಸಿದ್ದು ಬೇರೆ. ಇದರೊಳಗೆ ರಕ್ತನಾಳವೇ ಇಲ್ಲ. ನರವೂ ಇಲ್ಲ. ಹಾಗಾದರೆ ಆ ಜೀವಕೋಶಗಳಿಗೆ ಊಟ ಎಲ್ಲಿಂದ? ಕೀಲಿನಲ್ಲಿ ಅದು ಸಿಗುವುದು ಸುತ್ತಲಿನ ದ್ರವದಿಂದ. ಹೆಜ್ಜೆ ಇಟ್ಟಾಗ ಮೃದ್ವಸ್ಥಿ ಸ್ಪಂಜಿನ ಹಾಗೆ ಒತ್ತಿಹೋಗಿ ನೀರು ಹೊರಗೆ ಬರುತ್ತದೆ. ಕಾಲೆತ್ತಿದಾಗ ಮತ್ತೆ ಹೀರಿಕೊಳ್ಳುತ್ತದೆ. ಹಾಗಾಗಿ ಓಡಾಟ ಅದಕ್ಕೆ ಕೆಲಸವೂ ಹೌದು, ಊಟವೂ ಹೌದು. ಕಿವಿಯಲ್ಲಾದರೆ ಮೇಲಿನ ತೆಳು ಪೊರೆಯೇ ಉಣಿಸುತ್ತದೆ.

ಗರಡಿಯ ಹಳೇ ಪೈಲ್ವಾನರ ಕಿವಿ ನೋಡಿದ್ದೀರಾ? ಕೆಲವರದ್ದು ಮುದುಡಿ ಗಂಟುಗಂಟಾಗಿರುತ್ತದೆ. ಕುಸ್ತಿಯಲ್ಲಿ ಕಿವಿ ಉಜ್ಜಿ ಉಜ್ಜಿ ಪೊರೆಗೂ ಮೃದ್ವಸ್ಥಿಗೂ ನಡುವೆ ರಕ್ತ ತುಂಬಿಕೊಳ್ಳುತ್ತದೆ. ಪೊರೆ ದೂರ ಸರಿದರೆ ಊಟ ನಿಲ್ಲುತ್ತದೆ, ಒಳಗಿನದು ಸಾಯುತ್ತದೆ. ಅಲ್ಲಿ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಆ ರಕ್ತವನ್ನು ಬೇಗ ತೆಗೆಸಿದರೆ ಕಿವಿ ಉಳಿಯುತ್ತದೆ.

ಮಕ್ಕಳಲ್ಲಿ ಇದರ ಕೆಲಸ ಇನ್ನೂ ದೊಡ್ಡದು. ಹೊಟ್ಟೆಯಲ್ಲಿರುವ ಮಗುವಿನ ಅಸ್ಥಿಪಂಜರದ ಬಹುಪಾಲು ಮೊದಲು ಮೃದ್ವಸ್ಥಿಯಾಗಿಯೇ ರೂಪುಗೊಳ್ಳುತ್ತದೆ, ಆಮೇಲೆ ಮೂಳೆಯಾಗುತ್ತದೆ. ಹುಟ್ಟಿದ ಮೇಲೂ ಉದ್ದ ಮೂಳೆಗಳ ತುದಿಯ ಹತ್ತಿರ ಒಂದು ಪದರ ಉಳಿದಿರುತ್ತದೆ. ನಾವು ಎತ್ತರ ಬೆಳೆಯುವುದು ಅದರಿಂದ. ಹದಿಹರೆಯದ ಕೊನೆಗೆ ಅದೂ ಮೂಳೆಯಾಗಿ ಮುಚ್ಚಿಕೊಳ್ಳುತ್ತದೆ. ಈ ಬೆಳವಣಿಗೆಯಲ್ಲೇ ಹುಟ್ಟಿನಿಂದ ದೋಷವಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಒಂದು ನೋವಿನ ಉದಾಹರಣೆ ಇದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಗಮನಕ್ಕೆ ಬಂದ ಹಂದಿಗೋಡು ಕಾಯಿಲೆ. ಮನೆತನದಲ್ಲಿ ಹರಿದು ಬರುವ ಈ ಕಾಯಿಲೆಯಲ್ಲಿ ಸೊಂಟದ ಕೀಲು ಕೆಡುತ್ತದೆ, ನಡೆಯುವುದೇ ಕಷ್ಟವಾಗುತ್ತದೆ. ಕೆಲವರು ಕುಳ್ಳಗೇ ಉಳಿಯುತ್ತಾರೆ. ದುಡಿದು ತಿನ್ನುವ ಬಡ ಕುಟುಂಬಗಳು ಅವು. ಆ ಹೆಸರು ಕರ್ನಾಟಕದಲ್ಲಿ ಇನ್ನೂ ಹೆಚ್ಚು ಜನಕ್ಕೆ ಗೊತ್ತಿರಬೇಕಿತ್ತು.

ಇನ್ನು ಮಂಡಿ ಸವೆತ. "ಗ್ರೀಸ್ ಖಾಲಿ ಆಗಿದೆ" ಅಂತ ಜನ ಸುಮ್ನೆ ಅನ್ನುತ್ತಾರೆ. ಸವೆದಿರುವುದು ಗ್ರೀಸ್ ಅಲ್ಲ, ಜೀವಂತ ಪದರ. ಅದರಲ್ಲಿ ನರ ಇಲ್ಲದ್ದರಿಂದ ಶುರುವಿನಲ್ಲಿ ಸವೆತ ಗೊತ್ತೇ ಆಗುವುದಿಲ್ಲ. ಕೆಳಗಿನ ಮೂಳೆಗೋ ಕೀಲಿನ ಒಳಪೊರೆಗೋ ತೊಂದರೆ ತಟ್ಟಿದಾಗಲೇ ನೋವು. ರಕ್ತ ಹರಿಯದ್ದರಿಂದ ಗಾಯ ಮಾಯುವುದೂ ಕಷ್ಟ. ಕೀಲಿನ ಮೃದ್ವಸ್ಥಿ ಒಮ್ಮೆ ಹಾಳಾದರೆ ಸರಿಹೋಗದು ಎಂದು ವಿಲಿಯಂ ಹಂಟರ್ ಎಂಬ ವೈದ್ಯರು 1743ರಲ್ಲೇ ಬರೆದಿದ್ದರು. 1994ರಲ್ಲಿ ಸ್ವೀಡನ್ನಿನ ವೈದ್ಯರು 23 ರೋಗಿಗಳ ಮಂಡಿಯಿಂದ ಜೀವಕೋಶ ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ಮತ್ತೆ ಕೂರಿಸಿದ್ದನ್ನು ಪ್ರಕಟಿಸಿದರು. ಪೆಟ್ಟಿನಿಂದ ಒಂದು ಕಡೆ ಮಾತ್ರ ಹಾಳಾದವರಿಗೆ ಅದು ಉಪಯೋಗಕ್ಕೆ ಬಂತು. ಮಂಡಿ ಪೂರ್ತಿ ಸವೆದವರಿಗೆ ಇವತ್ತಿಗೂ ಕೀಲು ಬದಲಿಸುವುದೇ ಕೊನೆಯ ದಾರಿ.

ಅಮ್ಮನಿಗೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಇನ್ನು ನಡೆಯಬೇಡಿ ಅಂತ ಹೇಳುತ್ತಾರೆ ಅಂದುಕೊಂಡಿದ್ದಳು. ಡಾಕ್ಟರು ತೊಡೆಯ ಸ್ನಾಯುಗಳಿಗೆ ಎರಡು ವ್ಯಾಯಾಮ ತೋರಿಸಿ, ತೂಕ ಸ್ವಲ್ಪ ಇಳಿಸಿ, ಸಮತಟ್ಟಾದ ಕಡೆ ದಿನಾ ನಡೀರಿ ಅಂದರು. "ಸವೆದಿರೋ ಮಂಡಿಲಿ ನಡೆಯೋದಾ?" ಅಂತ ಅಮ್ಮ ದಾರಿಯುದ್ದಕ್ಕೂ ಕೇಳಿದಳು. ಮನೆಗೆ ಬಂದು ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ, ಹಿಂಡಿ, ಬಿಟ್ಟು ತೋರಿಸಿದೆ.