ಸೂಜಿ ಚುಚ್ಚಿತು, ಆದರೆ ರೋಗಿಗೆ ಎಚ್‌ಐವಿ ಇಲ್ಲ. ಭಯವಿಲ್ಲ ಅಲ್ವಾ?

ಪ್ರಶ್ನೆ: ವಾರ್ಡಿನಲ್ಲಿ ರಕ್ತ ತೆಗೆಯುವಾಗ ಸೂಜಿ ಬೆರಳಿಗೆ ಚುಚ್ಚಿತು. ಕೇಸ್ ಶೀಟ್ ನೋಡಿದೆ, ರೋಗಿ ಎಚ್‌ಐವಿ ನಾನ್‌ರಿಯಾಕ್ಟಿವ್ (ಅಂದರೆ ಪರೀಕ್ಷೆಯಲ್ಲಿ ಸೋಂಕು ಕಂಡಿಲ್ಲ). ಸುಮ್ನೆ ಇರಬಹುದಾ?

ಇರಬಾರದು. ಹೊಸ ಬ್ಯಾಚ್ ಪೋಸ್ಟಿಂಗಿಗೆ ಹೋದ ತಿಂಗಳೊಳಗೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಕ್ಲಾಸಿನಲ್ಲಿ ಹೇಳಿದ್ದೇನೆ, ಪ್ರಾಕ್ಟಿಕಲ್‌ನಲ್ಲಿ ಹೇಳಿದ್ದೇನೆ, ವೈವಾದಲ್ಲಿ ಕೇಳಿದ್ದೇನೆ. ಅಲ್ಲಿ ಎಲ್ಲರೂ ಸರಿಯಾಗಿಯೇ ಉತ್ತರ ಕೊಡುತ್ತಾರೆ. ಚುಚ್ಚಿಸಿಕೊಂಡ ದಿನ ಮಾತ್ರ ಒಂದೇ ಮಾತು: "ಪೇಶೆಂಟ್ ರಿಯಾಕ್ಟಿವ್ ಅಲ್ಲ ಮೇಡಂ."

ಮೊದಲು ಮಾಡಬೇಕಾದ್ದು ಇಷ್ಟು. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬೆರಳನ್ನು ಬಾಯಿಗೆ ಇಡಬೇಡಿ, ಸ್ಪಿರಿಟ್ ಸುರಿಯಬೇಡಿ. ತಕ್ಷಣ ಡ್ಯೂಟಿ ಡಾಕ್ಟರಿಗೆ ಹೇಳಿ, ರಿಜಿಸ್ಟರಿನಲ್ಲಿ ಬರೆಸಿ, ಅದೇ ದಿನ ನಿಮ್ಮ ರಕ್ತವನ್ನೂ ಪರೀಕ್ಷೆಗೆ ಕೊಡಿ. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದಾದರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಶುರು ಮಾಡಿದ ಮೇಲೆ 28 ದಿನ ಪೂರ್ತಿ ತೆಗೆದುಕೊಳ್ಳಬೇಕು.

ಈಗ ಆ "ರಿಯಾಕ್ಟಿವ್ ಅಲ್ಲ" ಅನ್ನುವ ಮಾತಿಗೆ ಬರೋಣ. ಸೂಜಿಯಿಂದ ಬರುವ ಕಾಯಿಲೆ ಅಂದರೆ ಎಚ್‌ಐವಿ ಒಂದೇ ಅನ್ನುವ ನಂಬಿಕೆ ಇದರ ಹಿಂದಿದೆ. ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುತ್ತದೆ. ಲೆಕ್ಕ ನೋಡಿ. ಎಚ್‌ಐವಿ ಇರುವವರ ರಕ್ತದ ಸೂಜಿ 1000 ಜನರಿಗೆ ಚುಚ್ಚಿತು ಅಂದುಕೊಳ್ಳಿ. ಮಾತ್ರೆ ತೆಗೆದುಕೊಳ್ಳದಿದ್ದರೂ ಸೋಂಕು ತಗಲುವುದು ಸುಮಾರು 3 ಜನರಿಗೆ. ಲಿವರ್‌ಗೆ ತಗಲುವ ಹೆಪಟೈಟಿಸ್ ಸಿ ಆದರೆ ಹಳೆಯ ಲೆಕ್ಕದಲ್ಲಿ 18ರ ಹತ್ತಿರ, ಈಚಿನ ಲೆಕ್ಕದಲ್ಲಿ ಇನ್ನೂ ಕಡಿಮೆ. ಹೆಪಟೈಟಿಸ್ ಬಿ, ಲಸಿಕೆಯೇ ಆಗದವರಿಗೆ? 60ರಿಂದ 300 ಜನ! ಒಣಗಿದ ರಕ್ತದ ಕಲೆಯಲ್ಲೂ ಈ ವೈರಸ್ 7 ದಿನ ಬದುಕಿರಬಲ್ಲದು. ನೀವು ಕೇಸ್ ಶೀಟಿನಲ್ಲಿ ಹುಡುಕಿದ್ದು ಮೂರರ ಕಾಯಿಲೆಯನ್ನು. ಮುನ್ನೂರರ ಕಾಯಿಲೆಯ ಸಾಲಿನ ಮೇಲೆ ಕಣ್ಣೇ ಹೋಗಲಿಲ್ಲ.

"ರೋಗಿಯ ಕಣ್ಣು ಹಳದಿ ಇರಲಿಲ್ಲ" ಅನ್ನುತ್ತೀರಿ. ವರ್ಷಗಟ್ಟಲೆ ಹೆಪಟೈಟಿಸ್ ಬಿ ಅಥವಾ ಸಿ ಇಟ್ಟುಕೊಂಡವರಲ್ಲಿ ಹೆಚ್ಚಿನವರು ನಮ್ಮ ನಿಮ್ಮಂತೆಯೇ ಕಾಣುತ್ತಾರೆ. ಊರಲ್ಲಿ ನೀರು ಕೆಟ್ಟಾಗ ಹರಡುವ ಕಾಮಾಲೆ ಎ ಮತ್ತು ಇ ವೈರಸ್ಸಿನದು, ಅದರ ದಾರಿ ಬೇರೆ.

ಇನ್ನು ನಾನ್‌ರಿಯಾಕ್ಟಿವ್ ಅಂದರೆ ಏನು? ಸೋಂಕು ತಗಲಿದ ಮೊದಲ ವಾರಗಳಲ್ಲಿ ಪರೀಕ್ಷೆಗೆ ಅದು ಸಿಗದೇ ಹೋಗಬಹುದು. ಇನ್ನೊಂದು ಕಡೆ, ಎಚ್‌ಐವಿ ಇದೆ ಅಂತ ಗೊತ್ತಿದ್ದು ಅದರ ಚಿಕಿತ್ಸೆಯ ಎಆರ್‌ಟಿ ಮಾತ್ರೆ ತಪ್ಪದೆ ನುಂಗುವ ರೋಗಿಯ ರಕ್ತದಲ್ಲಿ ವೈರಸ್ ಬಹಳ ಕಡಿಮೆ ಇರುತ್ತದೆ. ನೀವು ಎರಡು ಗ್ಲೌಸ್ ಹಾಕಿ, ಮುಖ ತಿರುಗಿಸಿಕೊಂಡು ರಕ್ತ ತೆಗೆಯುವುದು ಅವರದ್ದೇ. ಪಕ್ಕದ ಹಾಸಿಗೆಯಲ್ಲಿ ಯಾವ ಪರೀಕ್ಷೆಯೂ ಆಗದೆ ಮಲಗಿರುವವರ ಹತ್ತಿರ ಬರಿಗೈಯಲ್ಲಿ ಹೋಗುತ್ತೀರಿ. ಇದು ನನಗೆ ನಿಜಕ್ಕೂ ನೋವು ಕೊಡುತ್ತದೆ. ನಿಮಗೂ ಅಪಾಯ, ಆ ರೋಗಿಗೂ ಅವಮಾನ. 2017ರ ಎಚ್‌ಐವಿ ಕಾಯ್ದೆ ಇಂಥ ಭೇದಭಾವವನ್ನು ನಿಷೇಧಿಸಿದೆ. ಗ್ಲೌಸ್ ಎಲ್ಲರಿಗೂ ಒಂದೇ, ಎಚ್ಚರ ಎಲ್ಲರ ಹತ್ತಿರವೂ ಒಂದೇ. ಬಳಸಿದ ಸೂಜಿಗೆ ಎರಡೂ ಕೈಯಿಂದ ಮತ್ತೆ ಮುಚ್ಚಳ ಹಾಕಬೇಡಿ. ಚುಚ್ಚಿಸಿಕೊಂಡು ನನ್ನ ಹತ್ತಿರ ಬಂದವರಲ್ಲಿ ಹಲವರು ಮಾಡಿದ್ದು ಅದನ್ನೇ.

ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಟೈಟರ್ (ರಕ್ತದಲ್ಲಿ ಲಸಿಕೆಯ ರಕ್ಷಣೆ ಎಷ್ಟು ಬಂದಿದೆ ಅನ್ನುವ ಅಳತೆ) ನೋಡಿಸಿ, 10 ಅಥವಾ ಜಾಸ್ತಿ ಇರಬೇಕು. "ಚಿಕ್ಕವನಿದ್ದಾಗ ಎಲ್ಲಾ ಹಾಕಿಸಿದ್ದಾರೆ" ಅನ್ನುವವರು ಅಮ್ಮನ ಹತ್ತಿರ ಕಾರ್ಡು ತರಿಸಿ ನೋಡಿ. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಇದು ಇಡೀ ದೇಶಕ್ಕೆ ಬಂದದ್ದು 2011ರಲ್ಲಿ. ನೀವು ಅದಕ್ಕೂ ಮೊದಲು ಹುಟ್ಟಿದವರು. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ. ಆದರೆ ಈಗ 12 ವಾರದ ಮಾತ್ರೆಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ. ಅದಕ್ಕೇ ಪರೀಕ್ಷೆ ತಪ್ಪಿಸಬೇಡಿ ಅನ್ನುವುದು.

ನೀವು ಕೇಳದ ಒಂದು ವಿಷಯವನ್ನೂ ಹೇಳುತ್ತೇನೆ. ನೀವು ಸೂಜಿಗೆಂದೇ ಇಟ್ಟಿರುವ ಬಿಳಿ ಡಬ್ಬಿಗೆ ಹಾಕದೆ ಟ್ರೇಯಲ್ಲೋ ಹಳದಿ ಕವರಿನಲ್ಲೋ ಬಿಟ್ಟ ಸೂಜಿ ಯಾರ ಕೈಗೆ ಚುಚ್ಚುತ್ತದೆ? ಕಸ ಎತ್ತುವ ಆಯಾ ಅವರ ಕೈಗೆ. ಅವರ ರಿಜಿಸ್ಟರ್ ಯಾರು ಬರೆಸುತ್ತಾರೆ? 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಈ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸಬೇಕು, ಅದು ಆಸ್ಪತ್ರೆಯ ಜವಾಬ್ದಾರಿ. ಗುತ್ತಿಗೆ ನೌಕರರಿಗೂ ಅಷ್ಟೇ. ಕಳೆದ ವರ್ಷ ಒಬ್ಬ ಆಯಾ ಅವರನ್ನು ಕೇಳಿದೆ. "ಒಂದ್ ಸೂಜಿ ಹಾಕಿದ್ರು ಮೇಡಂ, ಆಮೇಲೆ ಯಾರೂ ಕರೀಲಿಲ್ಲ" ಅಂದರು. ಅದಾಗಿ ಎರಡು ವರ್ಷವಾಗಿತ್ತು. ನಿಮ್ಮ ವಾರ್ಡಿನಲ್ಲೂ ಕೇಳಿ ನೋಡಿ. ಇದೇ ಉತ್ತರ ಬಂದರೆ ಅವರನ್ನು ಲಸಿಕೆ ಕೊಠಡಿಗೆ ಕರೆದುಕೊಂಡು ಹೋಗಿ. ನಡುವೆ ಎಷ್ಟೇ ದಿನ ತಪ್ಪಿದ್ದರೂ ಮೊದಲಿನಿಂದ ಶುರು ಮಾಡಬೇಕಿಲ್ಲ, ಉಳಿದ ಎರಡು ಡೋಸ್ ಕೊಟ್ಟರೆ ಸಾಕು.