ಕಾಫಿ ನಾಡಿನ ಕಲ್ಲುಗೋರಿಗಳು

ಕುಶಾಲನಗರದ ಹತ್ತಿರದ ಮೋರಿಬೆಟ್ಟವೂ ಸೇರಿ ಕೊಡಗಿನ ಹಲವು ಕಡೆ ಹಳೆಯ ಕಲ್ಲಿನ ಕೋಣೆಗಳಿವೆ. ಸುತ್ತ ನಿಲ್ಲಿಸಿದ ಚಪ್ಪಡಿಗಳು, ಮೇಲೆ ಹೊದಿಸಿದ ಇನ್ನೊಂದು. ಜನ ಪಾಂಡವ ಪಾರೆ ಅಂತಾರೆ. ವನವಾಸದಲ್ಲಿ ಪಾಂಡವರು ಇಲ್ಲಿದ್ದರು ಅನ್ನೋದು ನಂಬಿಕೆ. ಆದರೆ ಇವು ಸತ್ತವರಿಗಾಗಿ ಕಟ್ಟಿದ ಗೋರಿಗಳು. ದಕ್ಷಿಣ ಭಾರತದ ಇಂಥ ಗೋರಿಗಳಲ್ಲಿ ಹೆಚ್ಚಿನವು ಕಬ್ಬಿಣ ಯುಗದವು, ಸುಮಾರು 2,000ದಿಂದ 3,000 ವರ್ಷ ಹಳೆಯವು.

ಸಿಡಿಮದ್ದು ಇಲ್ಲದ ಕಾಲದಲ್ಲಿ ಅಷ್ಟು ದೊಡ್ಡ ಚಪ್ಪಡಿ ಎಬ್ಬಿಸಿದ್ದು ಹೇಗೆ? ಬಂಡೆಯ ಮೇಲೆ ಬೆಂಕಿ ಹಾಕಿದರೆ ಮೇಲ್ಪದರ ಬಿಸಿಯಾಗಿ ಹಿಗ್ಗುತ್ತದೆ, ಅಡಿಯ ಕಲ್ಲು ತಣ್ಣಗೇ ಇರುತ್ತದೆ. ಈ ಎಳೆದಾಟಕ್ಕೆ ಪದರ ಬಿಟ್ಟುಕೊಳ್ಳುತ್ತದೆ. ನಮ್ಮ ಕಡೆ ಕಲ್ಲು ಒಡೆಯುವವರು ಮೊನ್ನೆಮೊನ್ನೆಯವರೆಗೂ ಹೀಗೇ ಮಾಡುತ್ತಿದ್ದರು.

ಕೆಲವು ಗೋರಿಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಇರುತ್ತದೆ. ಗಟ್ಟಿ ಕಲ್ಲನ್ನು ಚೂರುಚೂರೇ ಕುಟ್ಟಿ ತೆಗೆದ ತೂತು ಅದು. ಸುಮ್ನೆ ಒಂದು ಏಟು ಜೋರಾಗಿ ಬಿದ್ದರೂ ಚಪ್ಪಡಿಯೇ ಸೀಳಬಹುದಿತ್ತು. ಆ ತಾಳ್ಮೆಗೆ ನನಗೆ ತುಂಬಾ ಗೌರವ.

ಒಳಗಿಟ್ಟ ಮಡಕೆಗಳೂ ಅಷ್ಟೇ ಜಾಣತನದವು. ಒಳಗೆ ಮತ್ತು ಬಾಯಂಚಿಗೆ ಕಪ್ಪು, ಹೊರಗೆ ಕೆಂಪು. ಇದು ಬಳಿದ ಬಣ್ಣವಲ್ಲ. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿ ಸಿಗದೆ ಹೊಗೆಯ ಇಂಗಾಲ ಹಿಡಿದು ಕಪ್ಪಾಗುತ್ತದೆ. ಹೊರಗೆ ಗಾಳಿ ತಾಗಿ ಜೇಡಿಯಲ್ಲಿರುವ ಕಬ್ಬಿಣ ಕೆಂಪಗಾಗುತ್ತದೆ.

ವಯಸ್ಸು ಹೇಳೋಕೆ ಕಲ್ಲು ಅಷ್ಟಾಗಿ ಉಪಯೋಗಕ್ಕೆ ಬರಲ್ಲ. ಕಲ್ಲಿನ ವಯಸ್ಸು ಅಂದರೆ ಬೆಟ್ಟದ ವಯಸ್ಸು, ಅಲ್ವಾ? ಗೋರಿಯೊಳಗಿನ ಇದ್ದಿಲ ಚೂರು ಬೇಕು. ಅದರಲ್ಲಿನ ಇಂಗಾಲ-14, ಅಂದರೆ ತಾನಾಗೇ ಕ್ಷಯಿಸುವ ಒಂದು ಬಗೆಯ ಇಂಗಾಲ, ಮರ ಸತ್ತ ಮೇಲೆ ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತದೆ. ಎಷ್ಟು ಉಳಿದಿದೆ ಅಂತ ಅಳೆದರೆ ಮರ ಸತ್ತ ಕಾಲ ಸಿಗುತ್ತದೆ. ಆದರೆ ಆ ಇದ್ದಿಲು ಯಾವ ಮಡಕೆಯ ಪಕ್ಕ, ಯಾವ ಪದರದಲ್ಲಿತ್ತು ಅನ್ನೋದು ಗೊತ್ತಿರಬೇಕು. ನಿಧಿಯ ಆಸೆಗೆ ಯಾರೋ ಒಂದು ರಾತ್ರಿ ಅಗೆದು ಹಾಕಿದರೆ ಆ ಲೆಕ್ಕ ಮತ್ತೆ ಕೂಡಿಬರಲ್ಲ. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ಜಾಸ್ತಿ ಮಳೆಗೆ ಇಲ್ಲಿನ ಮಣ್ಣು ಹುಳಿ. ಕಾಫಿ ಗಿಡಕ್ಕೆ ಸುಣ್ಣ ಹಾಕುವುದು ಅದಕ್ಕೇ. ಹುಳಿ ಮಣ್ಣು ಮೂಳೆಯನ್ನು ಕರಗಿಸಿಬಿಡುತ್ತದೆ. ಹಾಗಾಗಿ ಇಲ್ಲಿ ಒಂದು ಮಣಿ, ಒಂದು ಮಡಕೆ ಚೂರು, ಒಂದು ಚಿಟಿಕೆ ಇದ್ದಿಲಿಗೂ ಬೇರೆ ಕಡೆಗಿಂತ ಬೆಲೆ ಹೆಚ್ಚು.