ಬಜೆಟ್ ಭಾಷಣ ಬಿಡಿ, ತಲೆ ಎಣಿಸುವ ದಿನ ನೋಡಿ

ಬಜೆಟ್ ಮಂಡನೆಯಾದ ಸಂಜೆ ನನಗೆ ಬರುವ ಫೋನ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. "ನಮ್ಮ ಜಿಲ್ಲೆಗೆ ಏನು ಬಂತು ಸಾರ್?" ಸರ್ಕಾರದ ಬಜೆಟ್ ಕೆಲಸದಲ್ಲೇ ತಲೆ ಹಣ್ಣಾದವನು ನಾನು, ಹಾಗಾಗಿ ಜನ ಕೇಳುತ್ತಾರೆ. ತಪ್ಪೇನಿಲ್ಲ. ಆದರೆ ಸದನದಲ್ಲಿ ಬಹುಮತ ತೂಗುಯ್ಯಾಲೆಯಲ್ಲಿ ಇರುವ ರಾಜ್ಯದಲ್ಲಿ ಮಂಡನೆಯ ದಿನಕ್ಕೆ ಅಂಥ ಬೆಲೆ ಇಲ್ಲ. ಅವತ್ತು ಮುಖ್ಯಮಂತ್ರಿ ಸೂಟ್‌ಕೇಸ್ ಹಿಡಿದು ಫೋಟೋಗೆ ನಿಲ್ಲುತ್ತಾರೆ, ಮೂರು ಗಂಟೆ ಓದುತ್ತಾರೆ, ಟಿವಿಯವರು ಅದನ್ನೇ ಇಡೀ ದಿನ ತಿರುಗಿಸುತ್ತಾರೆ. ಅವತ್ತು ಯಾವ ಸರ್ಕಾರವೂ ಬೀಳುವುದಿಲ್ಲ.

ಬೀಳುವ ದಿನ ಬೇರೆ. ಅದು ಧನವಿನಿಯೋಗ ವಿಧೇಯಕ ಮತಕ್ಕೆ ಬರುವ ದಿನ. ಹೆಸರು ಕೇಳಿದರೇ ಆಕಳಿಕೆ ಬರುತ್ತೆ, ಅಲ್ವಾ? ಆದರೆ ಇಡೀ ಆಟ ಇರುವುದು ಅಲ್ಲೇ.

ಲೆಕ್ಕ ಸರಳ. ರಾಜ್ಯದ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ಒಂದು ರೂಪಾಯಿ ತೆಗೆಯಬೇಕಾದರೂ ಕಾನೂನು ಬೇಕು ಎಂದು ಸಂವಿಧಾನದ 266ನೇ ವಿಧಿ ಹೇಳುತ್ತದೆ. ಆ ಕಾನೂನೇ 204ನೇ ವಿಧಿಯ ಧನವಿನಿಯೋಗ ವಿಧೇಯಕ. ಅದರ ಆಯುಷ್ಯ ಒಂದು ಆರ್ಥಿಕ ವರ್ಷ. ಮಾರ್ಚ್ 31ರ ರಾತ್ರಿ ಹಳೆಯದು ಮುಗಿಯುತ್ತದೆ. ಹೊಸದು ಇಲ್ಲದಿದ್ದರೆ ಏಪ್ರಿಲ್ 1ರಂದು ಖಜಾನೆಯಲ್ಲಿ ಹಣ ಇದ್ದರೂ ಮುಟ್ಟುವ ಹಾಗಿಲ್ಲ. ಸಾಲದ ಬಡ್ಡಿ, ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳದಂಥ 'ಪ್ರಭೃತ' ವೆಚ್ಚವನ್ನು ಸದನ ಮತಕ್ಕೆ ಹಾಕುವಂತಿಲ್ಲ, ಚರ್ಚೆ ಮಾತ್ರ ಮಾಡಬಹುದು. ಆದರೂ ಆ ಹಣ ಹೊರಬರಬೇಕಾದರೆ ಇದೇ ವಿಧೇಯಕ ಪಾಸಾಗಲೇಬೇಕು. ಇದು ಸದನದಲ್ಲಿ ಬಿದ್ದರೆ ಸರ್ಕಾರ ರಾಜೀನಾಮೆ ಕೊಡಬೇಕು ಎಂದು ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ. ಆದರೆ ಖರ್ಚಿಗೆ ದುಡ್ಡು ಕೊಡದ ಸದನ ನಿಮ್ಮನ್ನು ನಂಬುತ್ತದೆ ಎಂದು ಯಾವ ಬಾಯಲ್ಲಿ ಹೇಳುತ್ತೀರಿ? ಅದಕ್ಕೇ ಇದರ ಸೋಲನ್ನು ವಿಶ್ವಾಸಮತದ ಸೋಲು ಅಂತಲೇ ಎಲ್ಲರೂ ಎಣಿಸುತ್ತಾರೆ.

ಅಂದರೆ ವಿರೋಧ ಪಕ್ಷಕ್ಕೆ ಬೇರೆ ಅವಿಶ್ವಾಸ ನಿರ್ಣಯವೇ ಬೇಡ. ತಾರೀಖು ತಾನಾಗಿ ಬರುತ್ತದೆ. ಅವತ್ತು ತಲೆ ಎಣಿಸಿದರೆ ಸಾಕು. ಆಡಳಿತ ಪಕ್ಷದ ಚಿಂತೆ ಇದಕ್ಕೆ ತದ್ವಿರುದ್ಧ: ಅವತ್ತು ತಲೆ ಎಣಿಸದ ಹಾಗೆ ನೋಡಿಕೊಳ್ಳಬೇಕು.

ಹಿಮಾಚಲ ಪ್ರದೇಶದಲ್ಲಿ 2024ರ ಫೆಬ್ರುವರಿಯಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಸದನದ ಬಲ 68. ಕಾಂಗ್ರೆಸ್ 40, ಬಿಜೆಪಿ 25, ಪಕ್ಷೇತರರು 3. ಮುಖ್ಯಮಂತ್ರಿ ಸುಖವಿಂದರ್ ಸಿಂಗ್ ಸುಖು ಫೆಬ್ರುವರಿ 17ರಂದು 58,444 ಕೋಟಿ ರೂಪಾಯಿಯ ಬಜೆಟ್ ಮಂಡಿಸಿದ್ದರು. ಹತ್ತು ದಿನದ ನಂತರ, 27ರಂದು, ರಾಜ್ಯಸಭೆಯ ಒಂದು ಸೀಟಿಗೆ ಮತದಾನ. ಕಾಂಗ್ರೆಸ್‌ನ 6 ಶಾಸಕರು ಅಡ್ಡ ಮತ ಹಾಕಿದರು, 3 ಪಕ್ಷೇತರರೂ ಆ ಕಡೆ ಹೋದರು. 34–34 ಸಮಬಲ. ಚೀಟಿ ಎತ್ತಿದಾಗ ಬಿಜೆಪಿಯ ಹರ್ಷ ಮಹಾಜನ್ ಗೆದ್ದರು, ಕಾಂಗ್ರೆಸ್‌ನ ಅಭಿಷೇಕ್ ಮನು ಸಿಂಘ್ವಿ ಸೋತರು.

ಟಿವಿಯಲ್ಲೆಲ್ಲ ಚೀಟಿಯದೇ ಸುದ್ದಿ. ಆದರೆ ಬಜೆಟ್ ಕೆಲಸ ಮಾಡಿದ ಯಾರೇ ಆದರೂ ಆ ರಾತ್ರಿ ಬೇರೆಯೇ ಲೆಕ್ಕ ಹಾಕುತ್ತಿದ್ದರು. ರಾಜ್ಯಸಭಾ ಚುನಾವಣೆಯಲ್ಲಿ ಸ್ಪೀಕರ್ ಕೂಡ ಒಬ್ಬ ಶಾಸಕ, ಮತ ಹಾಕುತ್ತಾರೆ. ಸದನದ ಒಳಗೆ ಹಾಗಲ್ಲ. 189ನೇ ವಿಧಿ ಪ್ರಕಾರ ಸ್ಪೀಕರ್ ಮೊದಲ ಸುತ್ತಲ್ಲಿ ಮತ ಹಾಕುವುದಿಲ್ಲ, ಸಮ ಬಂದರೆ ಮಾತ್ರ ನಿರ್ಣಾಯಕ ಮತ. ಹಾಗಾಗಿ ರಾತ್ರಿ 34–34 ಇದ್ದದ್ದು ಬೆಳಿಗ್ಗೆ ಸದನದಲ್ಲಿ 33–34. ಸರ್ಕಾರಕ್ಕೆ ಒಂದು ಮತ ಕಡಿಮೆ. ಬಜೆಟ್ ಬಿದ್ದೇ ಬೀಳುತ್ತಿತ್ತು.

28ರ ಬೆಳಿಗ್ಗೆ ವಿರೋಧ ಪಕ್ಷದ ನಾಯಕ ಜೈರಾಂ ಠಾಕೂರ್ ರಾಜ್ಯಪಾಲರ ಹತ್ತಿರ ಹೋಗಿ ಮತ ವಿಭಜನೆ (ಪರ, ವಿರೋಧ ಮತಗಳನ್ನು ತಲೆ ಲೆಕ್ಕದಲ್ಲಿ ಎಣಿಸುವುದು) ಆಗಲೇಬೇಕು ಎಂದು ಒತ್ತಾಯಿಸಿದರು. ಅದೇ ದಿನ ಕಾಂಗ್ರೆಸ್‌ನ ವಿಕ್ರಮಾದಿತ್ಯ ಸಿಂಗ್ ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಘೋಷಿಸಿದರು (ಆಮೇಲೆ ಪಟ್ಟು ಬಿಟ್ಟರು). ಸದನ ಸೇರಿತು, ಗದ್ದಲ ಆಯಿತು, ಸ್ಪೀಕರ್ ಕುಲದೀಪ್ ಸಿಂಗ್ ಪಠಾನಿಯಾ 15 ಬಿಜೆಪಿ ಶಾಸಕರನ್ನು ಹೊರಗೆ ಹಾಕಿದರು. ಅದರಲ್ಲಿ ಜೈರಾಂ ಠಾಕೂರ್ ಕೂಡ ಇದ್ದರು. ಈಗ ಲೆಕ್ಕ ನೋಡಿ: ಬಿಜೆಪಿಯಲ್ಲಿ ಉಳಿದವರು 10. ಅಡ್ಡ ಮತದ 6 ಮಂದಿ ಮತ್ತು 3 ಪಕ್ಷೇತರರು ಬಂದು ಕೂತು ವಿರುದ್ಧ ಕೈ ಎತ್ತಿದರೂ 19. ಸರ್ಕಾರದ ಕಡೆ 33. ಉಳಿದ ಬಿಜೆಪಿಯವರು ಸಭಾತ್ಯಾಗ ಮಾಡಿದರು. ಎಣಿಕೆ ಇಲ್ಲದೆ ಬರೀ 'ಹೌದು', 'ಇಲ್ಲ' ಕೂಗಿನ ಧ್ವನಿಮತ, ಬಜೆಟ್ ಪಾಸ್, ಸದನ ಅನಿರ್ದಿಷ್ಟಾವಧಿಗೆ ಮುಂದಕ್ಕೆ.

ಇದು ಸರಿಯಾ ತಪ್ಪಾ ಎಂದು ಕೇಳಿದರೆ, ನನಗೆ ಸರಿ ಅನ್ನಿಸುವುದಿಲ್ಲ. ಗದ್ದಲ ಮಾಡಿದವರನ್ನು ಹೊರಗೆ ಕಳಿಸುವ ಅಧಿಕಾರ ಸ್ಪೀಕರ್‌ಗೆ ಇದೆ. ಆದರೆ ಅದೇ ಅಧಿಕಾರ ಬಹುಮತವನ್ನೇ ತಿದ್ದಿ ಬರೆಯುವ ಪೆನ್ನು ಆಗಿಬಿಟ್ಟರೆ ಸದನ ಯಾಕೆ ಬೇಕು? ವಿರೋಧ ಪಕ್ಷದ ಮೂರ್ಖತನವನ್ನೂ ಹೇಳಬೇಕು. ಕೈಯಲ್ಲಿ 34 ತಲೆ ಇಟ್ಟುಕೊಂಡು ಯಾರಾದರೂ ಗದ್ದಲ ಮಾಡುತ್ತಾರಾ? ಅವತ್ತು ಶಾಲಾ ಮಕ್ಕಳಂತೆ ಕೈಕಟ್ಟಿ ಕೂತಿರಬೇಕಿತ್ತು. ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತು ಮಂತ್ರಿಗಳಿಗೆ ಚೀಟಿ ಕಳಿಸುತ್ತಿದ್ದ ಕಾಲದಿಂದಲೂ ನಾನು ಗಮನಿಸಿದ್ದೇನೆ, ನಿಜವಾಗಿ ಸಂಖ್ಯೆ ಇರುವ ಪಕ್ಷ ಮತದ ದಿನ ಗಲಾಟೆ ಮಾಡುವುದಿಲ್ಲ. ಸದನದ ಬಾವಿಗೆ ಇಳಿದವರ ಹತ್ತಿರ ಸಾಮಾನ್ಯವಾಗಿ ಸಂಖ್ಯೆ ಇರುವುದಿಲ್ಲ.

ಇನ್ನು ಆ 6 ಜನರ ಕಥೆ. ಮರುದಿನ, ಫೆಬ್ರುವರಿ 29ರಂದು, ಅವರು ಅನರ್ಹರಾದರು. ಅಡ್ಡ ಮತ ಹಾಕಿದ್ದಕ್ಕೆ ಶಿಕ್ಷೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ರಾಜ್ಯಸಭಾ ಚುನಾವಣೆಯ ಮತಕ್ಕೆ ಪಕ್ಷಾಂತರ ನಿಷೇಧ ಕಾಯ್ದೆ ಅಂಟುವುದಿಲ್ಲ, ಅದು ಸುಪ್ರೀಂ ಕೋರ್ಟ್‌ನ 2006ರ ಕುಲದೀಪ್ ನಯ್ಯರ್ ಪ್ರಕರಣದಿಂದಲೇ ಗೊತ್ತಿರುವ ಮಾತು. ಅವರು ಸಿಕ್ಕಿಬಿದ್ದದ್ದು ಬಜೆಟ್‌ನಲ್ಲಿ. ಬಜೆಟ್ ಪಾಸಾಗುವಾಗ ಸದನದಲ್ಲಿ ಹಾಜರಿದ್ದು ಪರವಾಗಿ ಮತ ಹಾಕಿ ಎಂದು ಪಕ್ಷ ವಿಪ್ ಕೊಟ್ಟಿತ್ತು, ಅವರು ಗೈರು. ಪಕ್ಷಾಂತರ ನಿಷೇಧದ ನಿಯಮಗಳಿರುವ ಸಂವಿಧಾನದ ಹತ್ತನೇ ಅನುಸೂಚಿಯಲ್ಲಿ ವಿರುದ್ಧ ಮತ ಹಾಕುವುದಕ್ಕೂ ಮತದಿಂದ ದೂರ ಉಳಿಯುವುದಕ್ಕೂ ಒಂದೇ ಶಿಕ್ಷೆ. 15 ದಿನದೊಳಗೆ ಪಕ್ಷ ಕ್ಷಮಿಸಿದರೆ ಮಾತ್ರ ಬಚಾವ್. ಇಲ್ಲಿ ಕ್ಷಮಿಸುವ ಮಾತು ಎಲ್ಲಿ ಬಂತು? ಒಂದೇ ದಿನದಲ್ಲಿ ಕೆಲಸ ಮುಗಿಯಿತು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಡಲಿಲ್ಲ. ಜೂನ್‌ನಲ್ಲಿ ಉಪಚುನಾವಣೆಯ ಫಲಿತಾಂಶ ಬಂದಾಗ ಆ 6 ಕ್ಷೇತ್ರಗಳಲ್ಲಿ 4 ಕಾಂಗ್ರೆಸ್‌ಗೆ, 2 ಬಿಜೆಪಿಗೆ.

ಪಕ್ಷಗಳ ತಂತ್ರದಲ್ಲಿ ಬಜೆಟ್‌ಗೆ ಇಷ್ಟು ಬೆಲೆ ಬಂದಿರುವುದು ಇದಕ್ಕೇ. ಅಸಮಾಧಾನ ಇರುವ ಶಾಸಕ ವರ್ಷಪೂರ್ತಿ ಏನು ಬೇಕಾದರೂ ಮಾತಾಡಬಹುದು, ಊರೂರು ತಿರುಗಿ ಮುಖ್ಯಮಂತ್ರಿಯನ್ನು ಬೈಯಬಹುದು. ಹಿಡಿಯುವುದು ಕಷ್ಟ. ಬಜೆಟ್ ದಿನ ಮಾತ್ರ ಅವನಿಗೆ ಅಡ್ಡದಾರಿ ಇಲ್ಲ. ಬಂದು ಕೂರಬೇಕು, ಇಲ್ಲವೇ ಸ್ಥಾನ ಕಳೆದುಕೊಳ್ಳುವ ಅಪಾಯ ಎಳೆದುಕೊಳ್ಳಬೇಕು.

ಕರ್ನಾಟಕದಲ್ಲಿ 2019ರಲ್ಲಿ ಇದೇ ಆಟ ಬೇರೆ ರೂಪದಲ್ಲಿ ನಡೆಯಿತು. ಫೆಬ್ರುವರಿ 8ರಂದು ಎಚ್.ಡಿ. ಕುಮಾರಸ್ವಾಮಿ ಬಜೆಟ್ ಮಂಡಿಸಿದಾಗ ಕಾಂಗ್ರೆಸ್‌ನ ನಾಲ್ವರು ಶಾಸಕರು ನಾಪತ್ತೆ. ವಿಪ್ ಇತ್ತು. ಶಾಸಕಾಂಗ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಅವರನ್ನು ಅನರ್ಹಗೊಳಿಸಿ ಎಂದು ಸ್ಪೀಕರ್‌ಗೆ ದೂರು ಕೊಟ್ಟರು. ಅದು ಎಳೆದುಕೊಂಡೇ ಹೋಯಿತು. ಜುಲೈನಲ್ಲಿ ಬಂಡಾಯ ದೊಡ್ಡದಾಯಿತು, ಶಾಸಕರು ಮುಂಬೈ ಹೋಟೆಲ್ ಸೇರಿದರು. ಜುಲೈ 17ರಂದು ಸುಪ್ರೀಂ ಕೋರ್ಟ್, ರಾಜೀನಾಮೆ ಕೊಟ್ಟಿರುವ 15 ಶಾಸಕರನ್ನು ಸದನಕ್ಕೆ ಬನ್ನಿ ಎಂದು ಒತ್ತಾಯ ಮಾಡುವಂತಿಲ್ಲ ಎಂದಿತು. ಅಲ್ಲಿಗೆ ವಿಪ್‌ನ ಹಲ್ಲು ಕಿತ್ತ ಹಾಗಾಯಿತು. 23ರಂದು 99–105, ಸರ್ಕಾರ ಬಿತ್ತು.

ಇದರ ಹಿಂದೆ ಇನ್ನೊಂದು ಗಡಿಯಾರ ಓಡುತ್ತಿತ್ತು. ಅದು ಹೊರಗಿನವರಿಗೆ ಅಷ್ಟು ಕಾಣಲಿಲ್ಲ. ಲೋಕಸಭಾ ಚುನಾವಣೆ ಇದ್ದ ವರ್ಷ ಆದ್ದರಿಂದ ಫೆಬ್ರುವರಿಯಲ್ಲಿ ಪೂರ್ತಿ ವರ್ಷದ ಹಣಕ್ಕೆ ಅನುಮತಿ ಪಡೆದಿರಲಿಲ್ಲ, ಲೇಖಾನುದಾನ ಮಾತ್ರ, ಅಂದರೆ ಕೆಲವು ತಿಂಗಳ ಖರ್ಚಿಗಷ್ಟೇ ಒಪ್ಪಿಗೆ. ಅದು ಮುಗಿಯುವುದು ಜುಲೈ 31ಕ್ಕೆ. ಅಂದರೆ ಯಾರು ಮುಖ್ಯಮಂತ್ರಿ ಆದರೂ ಆಗದಿದ್ದರೂ, ಆಗಸ್ಟ್ 1ರೊಳಗೆ ಸದನ ಸೇರಿ ಹಣಕ್ಕೆ ಒಪ್ಪಿಗೆ ಕೊಡಲೇಬೇಕು. ಇಲ್ಲದಿದ್ದರೆ ನೌಕರರ ಸಂಬಳಕ್ಕೂ ಕುತ್ತು. ಜುಲೈ 26ರಂದು ಬಿ.ಎಸ್. ಯಡಿಯೂರಪ್ಪ ಪ್ರಮಾಣವಚನ. 28ರ ಹೊತ್ತಿಗೆ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಒಟ್ಟು 17 ಶಾಸಕರನ್ನು ಅನರ್ಹಗೊಳಿಸಿದ್ದರು. 29ರಂದು ಯಡಿಯೂರಪ್ಪ ಧ್ವನಿಮತದಲ್ಲಿ ವಿಶ್ವಾಸ ಗೆದ್ದರು, ಅದರ ಬೆನ್ನಿಗೇ ಹಣಕಾಸಿನ ಮಸೂದೆ ಪಾಸ್, ಅದಾದ ಮೇಲೆ ರಮೇಶ್ ಕುಮಾರ್ ರಾಜೀನಾಮೆ. ತಮಾಷೆ ನೋಡಿ. ಪಾಸಾದದ್ದು ಕುಮಾರಸ್ವಾಮಿ ಸರ್ಕಾರ ತಯಾರು ಮಾಡಿಟ್ಟಿದ್ದ ಮಸೂದೆಯೇ. ಆ ಸರ್ಕಾರವನ್ನು ಬೀಳಿಸಿದವರು ಅದರ ಲೆಕ್ಕಪತ್ರವನ್ನು ಕಣ್ಣಿಗೊತ್ತಿಕೊಂಡು ಪಾಸು ಮಾಡಿದರು, ಬೀಳಿಸಿಕೊಂಡವರೂ ಅಡ್ಡ ಬರಲಿಲ್ಲ.

ಲೇಖಾನುದಾನ ಎಂದರೆ ಬರೀ ಚುನಾವಣಾ ವರ್ಷದ ಅನುಕೂಲ ಅಂತ ತಿಳಿಯಬೇಡಿ. ಸಂಖ್ಯೆ ಅಲುಗಾಡುತ್ತಿರುವ ಸರ್ಕಾರಕ್ಕೆ ಅದು ಉಸಿರು ಕೊಡುತ್ತದೆ, ಆದರೆ ಪರೀಕ್ಷೆಯನ್ನು ಮುಂದೂಡುತ್ತದೆ ಅಷ್ಟೇ, ರದ್ದು ಮಾಡುವುದಿಲ್ಲ. ಸಮ್ಮಿಶ್ರ ಸರ್ಕಾರದಲ್ಲಿ ನನ್ನನ್ನು ಯಾರಾದರೂ ಸಲಹೆ ಕೇಳಿದರೆ, ಸಂಖ್ಯೆ ಗಟ್ಟಿ ಇದ್ದಾಗಲೇ ಇಡೀ ವರ್ಷದ್ದು ಪಾಸು ಮಾಡಿಸಿಕೊಳ್ಳಿ ಎನ್ನುತ್ತೇನೆ.

ಮತ ವಿಭಜನೆಯನ್ನೇ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉತ್ತರಾಖಂಡ ಇದೆ. 2016ರ ಮಾರ್ಚ್ 18. ಹರೀಶ್ ರಾವತ್ ಸರ್ಕಾರದ ಧನವಿನಿಯೋಗ ವಿಧೇಯಕ. ವಿಜಯ್ ಬಹುಗುಣ ಸೇರಿ ಕಾಂಗ್ರೆಸ್‌ನ 9 ಶಾಸಕರು ಬಿಜೆಪಿ ಜೊತೆ ನಿಂತು ಮತ ವಿಭಜನೆ ಕೇಳಿದರು. ಸ್ಪೀಕರ್ ಗೋವಿಂದ್ ಸಿಂಗ್ ಕುಂಜ್‌ವಾಲ್ ಧ್ವನಿಮತದಲ್ಲೇ ಅಂಗೀಕಾರವಾಗಿದೆ ಎಂದರು. ಆಮೇಲೆ ನಡೆದದ್ದು ನಿಮಗೆ ನೆನಪಿರಬಹುದು. ಮಾರ್ಚ್ 27ಕ್ಕೆ ಆ 9 ಜನ ಅನರ್ಹ, ಅದೇ ದಿನ ರಾಷ್ಟ್ರಪತಿ ಆಳ್ವಿಕೆ. ಬಹುಮತ ಸಾಬೀತಿಗೆ ಒಂದೇ ದಿನ ಬಾಕಿ ಇತ್ತು. ಬೊಮ್ಮಾಯಿ ಪ್ರಕರಣದಲ್ಲಿ, ಅಂದರೆ ನಮ್ಮದೇ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ್ದರಿಂದ ಹುಟ್ಟಿದ 1994ರ ತೀರ್ಪಿನಲ್ಲಿ, ಬಹುಮತ ತೀರ್ಮಾನ ಆಗಬೇಕಾದದ್ದು ಸದನದಲ್ಲೇ ಎಂದು ಸುಪ್ರೀಂ ಕೋರ್ಟ್ ಆಗಲೇ ಹೇಳಿತ್ತು. ಕೊನೆಗೆ ಮೇ 10ರಂದು ಕೋರ್ಟ್ ಕಣ್ಣೆದುರಲ್ಲೇ ಎಣಿಕೆ ಆಯಿತು, ರಾವತ್ 33–28ರಿಂದ ಗೆದ್ದರು. 9 ಜನಕ್ಕೆ ಮತ ಇರಲಿಲ್ಲ.

ಆದರೆ ನನ್ನಂಥವರ ತಲೆ ತಿನ್ನುತ್ತಿದ್ದದ್ದು ಬೇರೆ. ಮಾರ್ಚ್ 31 ಹತ್ತಿರ ಬಂತು, ಸರ್ಕಾರ ಇಲ್ಲ, ವಿಧೇಯಕ ಪಾಸಾಗಿದೆಯೋ ಇಲ್ಲವೋ ಎಂಬುದೇ ವಿವಾದ. ಖಜಾನೆಯವರು ಏಪ್ರಿಲ್ 1ರಂದು ಯಾವ ಕಾನೂನು ತೋರಿಸಿ ಬಿಲ್ ಪಾಸು ಮಾಡಬೇಕು? ಕೇಂದ್ರ ಆಗ ಏನು ಮಾಡಿತು ಎಂದರೆ, ಬಿಡುವಿನಲ್ಲಿದ್ದ ಸಂಸತ್ ಅಧಿವೇಶನವನ್ನೇ ಮುಕ್ತಾಯ ಮಾಡಿ, ಉತ್ತರಾಖಂಡದ ಖರ್ಚಿಗೆ ಸುಗ್ರೀವಾಜ್ಞೆ ತಂದಿತು. ಒಂದು ರಾಜ್ಯದ ಪೊಲೀಸರ, ಮೇಷ್ಟರ ಸಂಬಳಕ್ಕೆ ದೆಹಲಿಯಲ್ಲಿ ಸುಗ್ರೀವಾಜ್ಞೆ!

ನಮ್ಮ ಮೇಲ್ಮನೆಯ ಬಗ್ಗೆ ಎರಡು ಮಾತು, ಯಾಕೆಂದರೆ ಈ ಪ್ರಶ್ನೆ ಯಾವಾಗಲೂ ಬರುತ್ತೆ. ಪರಿಷತ್ತಿನಲ್ಲಿ ವಿರೋಧ ಪಕ್ಷದ ಬಲ ಜಾಸ್ತಿ ಇದ್ದರೆ ಬಜೆಟ್ ತಡೆಯಬಹುದಾ? ಆಗುವುದಿಲ್ಲ. 198ನೇ ವಿಧಿ ಪ್ರಕಾರ ಧನವಿನಿಯೋಗ ವಿಧೇಯಕದಂಥ ಧನ ಮಸೂದೆಯನ್ನು 14 ದಿನ ಇಟ್ಟುಕೊಳ್ಳಬಹುದು, ಸಲಹೆ ಕೊಡಬಹುದು, ಅಷ್ಟೇ. ಬೇರೆ ಮಸೂದೆಗಳಿಗೆ ಸ್ವಲ್ಪ ಕಾಟ ಕೊಡಬಹುದು. 2024ರ ಫೆಬ್ರುವರಿ 23ರಂದು ಮುಜರಾಯಿ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಬಿತ್ತು, ಒಂದೇ ವಾರದಲ್ಲಿ ವಿಧಾನಸಭೆ ಮತ್ತೆ ಪಾಸು ಮಾಡಿತು. ಅಮೆರಿಕದಲ್ಲಿರುವ ನಮ್ಮವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಅಲ್ಲಿ ರಾಜ್ಯಪಾಲ ಒಂದು ಪಕ್ಷ, ಸದನ ಇನ್ನೊಂದು ಪಕ್ಷ ಆದರೆ ಬಜೆಟ್ ನಿಂತೇ ಹೋಗಬಹುದು. 2011ರಲ್ಲಿ ಮಿನೆಸೋಟ ಸರ್ಕಾರ ಜುಲೈ 1ರಿಂದ ಸುಮಾರು 20 ದಿನ ಬಾಗಿಲು ಹಾಕಿತ್ತು. ಆದರೆ ಗವರ್ನರ್ ಮಾರ್ಕ್ ಡೇಟನ್ ಕುರ್ಚಿಗೆ ಏನೂ ಆಗಲಿಲ್ಲ. ಅಲ್ಲಿ ಬಜೆಟ್ ನಿಂತರೆ ಕಚೇರಿ ಮುಚ್ಚುತ್ತದೆ, ಇಲ್ಲಿ ಸರ್ಕಾರವೇ ಹೋಗುತ್ತದೆ. ಅದಕ್ಕೇ ಅಲ್ಲಿ ಜಗಳ ಬಜೆಟ್‌ನ ಒಳಗಿರುವ ಅಂಕಿಗಳ ಮೇಲೆ, ಇಲ್ಲಿ ಶಾಸಕರ ಹಾಜರಿ ಮೇಲೆ. ಯಾವ ಇಲಾಖೆಗೆ ಎಷ್ಟು ಎಂಬ ಚರ್ಚೆ ಇಲ್ಲಿ ಕೊನೆಯ ದಿನ ಒಟ್ಟಿಗೆ ಗಿಲೊಟಿನ್‌ಗೆ, ಅಂದರೆ ಉಳಿದದ್ದನ್ನೆಲ್ಲ ಒಮ್ಮೆಗೇ ಮತಕ್ಕೆ ಹಾಕಿ ಮುಗಿಸುವ ಕ್ರಮಕ್ಕೆ, ಹೋಗುತ್ತದೆ, ಹತ್ತಾರು ಬೇಡಿಕೆಗಳು ಚರ್ಚೆಯೇ ಇಲ್ಲದೆ ಪಾಸಾಗುತ್ತವೆ. ಇಲಾಖೆಯ ಬೇಡಿಕೆಯಿಂದ ಒಂದು ರೂಪಾಯಿ ಕಡಿತ ಮಾಡಿ ಎಂಬ ನಿರ್ಣಯ ಕೊಡುವವರಿಗೂ ಆ ರೂಪಾಯಿ ಬೇಕಿರುವುದಿಲ್ಲ, ಎಣಿಕೆ ಬೇಕಿರುತ್ತದೆ.

ಬಹುಮತ ಭದ್ರವಾಗಿದ್ದರೆ ಇವೆಲ್ಲ ಏನೂ ಇಲ್ಲ ಅಂತಲೂ ಅಲ್ಲ. 2025ರ ಮಾರ್ಚ್ 21ರಂದು ನಮ್ಮ ವಿಧಾನಸಭೆಯಲ್ಲಿ ಗದ್ದಲದ ನಡುವೆಯೇ ಬಜೆಟ್ ಕೆಲಸ ಮುಗಿಯಿತು, ಕಾಗದ ಹರಿದು ಪೀಠದತ್ತ ಎಸೆದ 18 ಬಿಜೆಪಿ ಶಾಸಕರನ್ನು ಸ್ಪೀಕರ್ ಯು.ಟಿ. ಖಾದರ್ 6 ತಿಂಗಳು ಅಮಾನತು ಮಾಡಿದರು, ಮೇ ತಿಂಗಳಲ್ಲಿ ವಾಪಸ್ ತೆಗೆದುಕೊಂಡರು. ಶಿಮ್ಲಾದ ಹಾಗೆ ಇಲ್ಲಿ ಸಂಖ್ಯೆಯ ಪ್ರಶ್ನೆ ಇರಲಿಲ್ಲ. 4 ಲಕ್ಷ ಕೋಟಿ ದಾಟಿದ ಬಜೆಟ್‌ಗೆ ಅಷ್ಟು ಗಲಾಟೆಯಲ್ಲಿ 'ಹೌದು' ಎಂದವರು ಯಾರು ಎಂದು ಯಾರೂ ಕೇಳಲಿಲ್ಲ, ಅಷ್ಟೇ.

ನನ್ನ ಅಭಿಪ್ರಾಯ ಇಷ್ಟು. ಧನವಿನಿಯೋಗ ವಿಧೇಯಕಕ್ಕೆ ಮತ ವಿಭಜನೆಯನ್ನು ನಿಯಮದಲ್ಲೇ ಕಡ್ಡಾಯ ಮಾಡಬೇಕು, ಲೋಕಸಭೆಯಲ್ಲಿ ಸಂವಿಧಾನ ತಿದ್ದುಪಡಿಗೆ ಇರುವ ಹಾಗೆ. ಹದಿನೈದು ನಿಮಿಷದ ಕೆಲಸ. ಯಾವ ಪಕ್ಷವೂ ಇದನ್ನು ಮಾಡುವುದಿಲ್ಲ ಎಂಬುದೂ ನನಗೆ ಗೊತ್ತು. ಡೆಹ್ರಾಡೂನ್‌ನಲ್ಲಿ 2016ರಲ್ಲಿ, ಶಿಮ್ಲಾದಲ್ಲಿ 2024ರಲ್ಲಿ ಎಣಿಸಿ ಎಣಿಸಿ ಎಂದು ಕೂಗಿದ್ದು ಬಿಜೆಪಿ, ಧ್ವನಿಮತ ಸಾಕು ಎಂದದ್ದು ಕಾಂಗ್ರೆಸ್. ಬೆಂಗಳೂರಲ್ಲಿ 2019ರ ಜುಲೈ 29ರಂದು ಧ್ವನಿಮತದಲ್ಲೇ ಗೆದ್ದದ್ದು ಬಿಜೆಪಿ, ಮತ ವಿಭಜನೆ ಕೇಳದೆ ಕೂತಿದ್ದು ಕಾಂಗ್ರೆಸ್ ಮತ್ತು ಜೆಡಿಎಸ್.